ಹೊನೊಲುಲುವಿನಿಂದ ಕಲೌಪಾಪಾಕ್ಕೆ ಎಷ್ಟು ದೂರ?

ದೂರವನ್ನು ಅಳೆಯಲು ನಮ್ಮ ಹಿರಿಯರಿಗೆ ಹಲವು ಅಳತೆಗಳಿದ್ದವು. ಕೂಗಳತೆ, ಹರದಾರಿ, ಗಾವುದ ಎಂಬ ಮಾತುಗಳು ಇನ್ನೂ ನಮ್ಮ ಭಾಷೆಯಲ್ಲಿ ಉಳಿದಿವೆ. ಅನಂತರ ಮೈಲಿ ಬಂದಿತು, ಕಿಲೋಮೀಟರು ಬಂದಿತು. ಇಂದು ಊರಿಂದೂರಿಗಿರುವ ದೂರವನ್ನು ನಾವು ಪ್ರಯಾಣದ ಗಂಟೆಗಳಲ್ಲಿಯೂ ಬಸ್ಸಿನ ದರದಲ್ಲಿಯೂ ಲೆಕ್ಕ ಹಾಕುತ್ತೇವೆ. ಆದರೆ ಈ ಯಾವ ಅಳತೆಗೂ ಸಿಗದ ದೂರವೊಂದಿದೆ. ಅದು ಮನುಷ್ಯ ಮನುಷ್ಯರ ನಡುವೆ ಬೀಳುವ ದೂರ. ಅದನ್ನು ಅರಿಯಲು ಭೂಪಟದಲ್ಲಿ ಒಂದು ದೊಡ್ಡ ನಗರವನ್ನೂ ಅದರಿಂದ ಸುಮಾರು 90 ಕಿಲೋಮೀಟರು ಆಚೆಗಿರುವ ಒಂದು ಪುಟ್ಟ ವಸತಿಯನ್ನೂ ನೋಡಿದರೆ ಸಾಕು. ನಗರವೆಂದರೆ ಹವಾಯಿ ದ್ವೀಪಗಳ ರಾಜಧಾನಿಯಾದ ಹೊನೊಲುಲು. ವಸತಿಯೆಂದರೆ ಮೊಲೊಕಾಯಿ ದ್ವೀಪದ ಕಲೌಪಾಪಾ. ಮೇ 10ರಂದು ಧರ್ಮಸಭೆಯು ಸ್ಮರಿಸುವ ಸಂತ ಡೇಮಿಯನ್ನರು ಬಾಳಿ ಮಡಿದ ನೆಲ ಅದು.

ಕಡಲು ಮತ್ತು ಬಂಡೆ

ಹೊನೊಲುಲು ಇರುವ ಓವಾಹು ದ್ವೀಪಕ್ಕೂ ಮೊಲೊಕಾಯಿಗೂ ನಡುವೆ ಸುಮಾರು 26 ಮೈಲಿ ಅಗಲದ ಜಲಸಂಧಿಯಿದೆ. ಗಾಳಿ ಅಲೆಗಳ ರಭಸಕ್ಕೆ ಹೆಸರಾದ ಕಡಲದು. ಅದನ್ನು ದಾಟಿ ಮೊಲೊಕಾಯಿಯ ಉತ್ತರ ತೀರಕ್ಕೆ ಬಂದರೆ ಎದುರಾಗುವುದು ಕಡಲಿನಿಂದ ನೆಟ್ಟಗೆ ಎದ್ದು ನಿಂತ ಬಂಡೆಗಳ ಸಾಲು. ಕೆಲವೆಡೆ ಇವುಗಳ ಎತ್ತರ 3,000 ಅಡಿಗೂ ಮಿಕ್ಕುತ್ತದೆ. ಈ ಬಂಡೆಗೋಡೆಯ ಬುಡದಿಂದ ಕಡಲಿನೊಳಕ್ಕೆ ಚಾಚಿಕೊಂಡ ಸಮತಟ್ಟಾದ ನೆಲವೇ ಕಲೌಪಾಪಾ ಪರ್ಯಾಯ ದ್ವೀಪ. ಅದಕ್ಕೆ ಮೂರು ದಿಕ್ಕಿಗೆ ಕಡಲು, ನಾಲ್ಕನೆಯ ದಿಕ್ಕಿಗೆ ಬಂಡೆ.

ದ್ವೀಪದ ಮೇಲಿನ ಊರುಗಳಿಂದ ಅಲ್ಲಿಗೆ ಇಳಿಯಲು ಇದ್ದುದು ಒಂದು ಕಾಲುದಾರಿ ಮಾತ್ರ. ಸುಮಾರು 1,700 ಅಡಿಗಳ ಕಡಿದಾದ ಇಳಿಜಾರನ್ನು ಅದು 26 ತಿರುವುಗಳಲ್ಲಿ ಇಳಿಯುತ್ತದೆ. ನಮ್ಮ ಆಗುಂಬೆ ಘಾಟಿಯ ತಿರುವುಗಳಲ್ಲಿ ಬಸ್ಸಿನಲ್ಲಿ ಕುಳಿತು ಉಸಿರು ಬಿಗಿಹಿಡಿದವರು ಅಂಥದೇ ಇಳಿಜಾರನ್ನು ಕಾಲ್ನಡಿಗೆಯಲ್ಲೋ ಹೇಸರಗತ್ತೆಯ ಬೆನ್ನ ಮೇಲೋ ಇಳಿಯುವುದನ್ನು ಊಹಿಸಿಕೊಳ್ಳಬಹುದು. 2018ರ ಕೊನೆಯಲ್ಲಿ ಗುಡ್ಡ ಕುಸಿದು ಆ ದಾರಿಯೂ ಕಡಿದುಹೋಯಿತು. ಭಾರವಾದ ಸರಕುಗಳು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ಕಡಲು ಶಾಂತವಾಗಿರುವಾಗ, ಹಡಗಿನ ಮೂಲಕ ಬರುವುದು ಅಲ್ಲಿನ ರೂಢಿ. ಆ ದಿನ ವಸತಿಯ ಜನರೆಲ್ಲ ದಡದಲ್ಲಿ ಕೂಡುತ್ತಾರೆ. ಸಣ್ಣ ವಿಮಾನಕ್ಕಾದರೋ ಹೊನೊಲುಲುವಿನಿಂದ ಅರ್ಧ ಗಂಟೆಯ ಹಾದಿ.

ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಮಂಗಳೂರಿನಿಂದ ಕುಂದಾಪುರಕ್ಕೆ ಹೋಗುವಷ್ಟು ದೂರ. ಬೆಳಿಗ್ಗೆ ಹೊರಟವನು ಕೆಲಸ ಮುಗಿಸಿಕೊಂಡು ಸಂಜೆಯ ಜಪಸರಕ್ಕೆ ಮನೆ ಸೇರಬಹುದಾದ ದೂರ. ಆದರೆ 1866ರಿಂದ 1969ರವರೆಗಿನ 103 ವರ್ಷಗಳಲ್ಲಿ ಈ ದೂರವನ್ನು ಬಲವಂತದಿಂದ ಕ್ರಮಿಸಿದ ಸಾವಿರಾರು ಮಂದಿಯಲ್ಲಿ ಬಹುಪಾಲು ಜನರು ಮರಳಿ ಮನೆ ಕಾಣಲಿಲ್ಲ.

ಕಾನೂನು ಎಳೆದ ಗೆರೆ

19ನೆಯ ಶತಮಾನದಲ್ಲಿ ಹವಾಯಿ ಸ್ವತಂತ್ರ ರಾಜ್ಯವಾಗಿತ್ತು. ಪರದೇಶದ ಹಡಗುಗಳೊಂದಿಗೆ ಅಲ್ಲಿಗೆ ಹೊಸ ಹೊಸ ರೋಗಗಳೂ ಬಂದವು. ಅವುಗಳನ್ನು ಎಂದೂ ಕಂಡರಿಯದ ಮೂಲನಿವಾಸಿಗಳ ದೇಹದಲ್ಲಿ ಅವನ್ನೆದುರಿಸುವ ಶಕ್ತಿಯಿರಲಿಲ್ಲ. ಅವುಗಳಲ್ಲಿ ಕುಷ್ಠರೋಗವೂ ಒಂದು. 1865ರ ಜನವರಿ 3ರಂದು ಐದನೆಯ ಕಮೆಹಮೆಹಾ ದೊರೆಯು ರೋಗ ಹರಡದಂತೆ ತಡೆಯುವ ಕಾನೂನಿಗೆ ಸಹಿ ಹಾಕಿದನು. ರೋಗದ ಸಂಶಯವಿದ್ದವರನ್ನು ಹಿಡಿದು ಪರೀಕ್ಷಿಸಿ, ರೋಗ ಖಚಿತವಾದವರನ್ನು ಮೊಲೊಕಾಯಿಗೆ ಸಾಗಿಸುವುದು ಅದರ ಕ್ರಮ. 1866ರ ಜನವರಿ 6ರಂದು ಮೊದಲ 12 ಮಂದಿಯನ್ನು, 9 ಗಂಡಸರು ಮತ್ತು 3 ಹೆಂಗಸರನ್ನು, ಆ ತೀರದಲ್ಲಿ ಇಳಿಸಲಾಯಿತು. ನೂರಕ್ಕೂ ಮಿಕ್ಕಿದ ವರ್ಷಗಳಲ್ಲಿ ಹಾಗೆ ಹೋದವರು ಸುಮಾರು 8,000 ಮಂದಿ. ಅವರಲ್ಲಿ ಮಕ್ಕಳೂ ಇದ್ದರು.

ರೋಗಿಗಳು ತಾವೇ ಬೆಳೆದು ಉಣ್ಣಲಿ ಎಂಬುದು ಅಧಿಕಾರಿಗಳ ಆರಂಭದ ಎಣಿಕೆಯಾಗಿತ್ತು. ಬೆರಳು ಕಳೆದುಕೊಂಡವನು ಗುದ್ದಲಿ ಹಿಡಿಯುವುದು ಹೇಗೆ? ಮನೆಗಳು ಸಾಲದಾದವು, ಬಟ್ಟೆ ಸಾಲದಾಯಿತು, ಅಲ್ಲೇ ನೆಲೆಸುವ ವೈದ್ಯರಿರಲಿಲ್ಲ. ಕಾಲಾನಂತರ ವ್ಯವಸ್ಥೆ ಎಷ್ಟೋ ಸುಧಾರಿಸಿತು. ಆದರೂ ಅಲ್ಲಿ ಹುಟ್ಟಿದ ಕೂಸುಗಳನ್ನು ತಾಯಿಯ ಮಡಿಲಿನಿಂದ ಎತ್ತಿ ಹೊರಗೆ ಕಳುಹಿಸುವ ನಿಯಮ ಬಹುಕಾಲ ನಡೆಯಿತು. ನೋಡಲು ಬಂದ ಬಂಧುಗಳಿಗೂ ರೋಗಿಗಳಿಗೂ ನಡುವೆ ಬೇಲಿಯಿತ್ತು.

ಆ ಕಾಲದ ಸರ್ಕಾರವನ್ನು ಕ್ರೂರವೆಂದು ಜರೆದು ಮುಗಿಸುವುದು ಸುಲಭ, ಆದರೆ ನ್ಯಾಯವಲ್ಲ. ನಾರ್ವೆಯ ವೈದ್ಯ ಹ್ಯಾನ್ಸನ್ ಕುಷ್ಠದ ರೋಗಾಣುವನ್ನು ಕಂಡುಹಿಡಿದದ್ದು 1873ರಲ್ಲಿ. ನೆಚ್ಚಬಹುದಾದ ಔಷಧ ಬಂದದ್ದು 1940ರ ದಶಕದಲ್ಲಿ. ಕಾರಣವೂ ಗೊತ್ತಿಲ್ಲದ, ಮದ್ದೂ ಇಲ್ಲದ ರೋಗಕ್ಕೆ ಜನ ಅಂಜಿದರೆ ಅದು ಸಹಜವೇ. ನೈತಿಕ ಪ್ರಶ್ನೆ ಇರುವುದು ಅದರಾಚೆಗೆ. ಸೋಂಕು ಹರಡದಿರಲೆಂದು ರೋಗಿಯನ್ನು ಪ್ರತ್ಯೇಕವಾಗಿ ಇರಿಸಿ ಆರೈಕೆ ಮಾಡುವುದು ಒಂದು. ಅವನನ್ನು ಕಣ್ಣಿಗೆ ಕಾಣದಂತೆ ದೂರವಿರಿಸಿ ಮರೆತುಬಿಡುವುದು ಇನ್ನೊಂದು. ಮೊದಲನೆಯದು ವೈದ್ಯಶಾಸ್ತ್ರಕ್ಕೆ ಸೇರಿದ್ದು, ಎರಡನೆಯದು ಪಾಪಕ್ಕೆ ಸೇರಿದ್ದು. ಹೊರಗಿನಿಂದ ನೋಡುವವನಿಗೆ ಇವೆರಡೂ ಒಂದೇ ತೆರನಾಗಿ ಕಾಣುತ್ತವೆ. ಹೀಗಾಗಿ ಮೊದಲನೆಯದರ ಹೆಸರಿನಲ್ಲಿ ಎರಡನೆಯದು ನಡೆದುಹೋಗುತ್ತದೆ.

ದೂರವನ್ನು ದಾಟಿದವರು

ಕಲೌಪಾಪಾ ಎಂದೊಡನೆ ನಾವು ಡೇಮಿಯನ್ನರನ್ನು ನೆನೆಯುತ್ತೇವೆ. ಆದರೆ ಅವರಿಗಿಂತ ಮೊದಲೇ ಆ ದೂರವನ್ನು ಇಚ್ಛಾಪೂರ್ವಕವಾಗಿ ದಾಟಿದವರಿದ್ದರು. ಹವಾಯಿ ಭಾಷೆಯಲ್ಲಿ ಅವರನ್ನು ‘ಕೋಕುವಾ’ ಎನ್ನುತ್ತಾರೆ, ನೆರವಾಗುವವರು ಎಂದರ್ಥ. ರೋಗ ತಗುಲಿದ ಪತಿಯೊಡನೆ ಹೊರಟ ಪತ್ನಿ, ಮಗುವಿನೊಡನೆ ಹೊರಟ ತಾಯಿ, ಇಂಥ ಆರೋಗ್ಯವಂತರು ಅವರು. ಮಾರ್ಮನ್ ಪಂಥಕ್ಕೆ ಸೇರಿದ ಜೊನಾತಾನಾ ನಪೇಲಾ ಎಂಬವರು 1873ರಲ್ಲಿ ತಮ್ಮ ಪತ್ನಿ ಕಿಟ್ಟಿಯನ್ನು ಒಂಟಿಯಾಗಿ ಕಳುಹಿಸಲಾರದೆ ಜೊತೆಗೆ ಹೋದರು. ಅಲ್ಲಿ ತಾವೂ ರೋಗಕ್ಕೆ ತುತ್ತಾಗಿ 1879ರಲ್ಲಿ ತೀರಿಕೊಂಡರು. ವಿವಾಹದ ಸಂಸ್ಕಾರದಲ್ಲಿ ಸುಖದಲ್ಲಿಯೂ ದುಃಖದಲ್ಲಿಯೂ ಜೊತೆಗಿರುವೆನೆಂದು ನಾವು ಕೊಡುವ ಮಾತಿಗೆ ಇದಕ್ಕಿಂತ ಮಿಗಿಲಾದ ವ್ಯಾಖ್ಯಾನವನ್ನು ನಾನು ಕಾಣೆ.

ಅದೇ 1873ರ ಮೇ 10ರಂದು ಡೇಮಿಯನ್ನರು ಅಲ್ಲಿ ಕಾಲಿಟ್ಟರು. ಅವರು 1840ರ ಜನವರಿ 3ರಂದು ಬೆಲ್ಜಿಯಂ ದೇಶದ ಟ್ರೆಮೆಲೋ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ಜನಿಸಿದವರು. ಯೇಸು ಮರಿಯರ ಪವಿತ್ರ ಹೃದಯಗಳ ಸಭೆಗೆ ಸೇರಿದವರು. 1864ರ ಮಾರ್ಚ್‌ನಲ್ಲಿ ಹೊನೊಲುಲುವಿಗೆ ಬಂದು, ಅದೇ ವರ್ಷದ ಮೇ 21ರಂದು ಅಲ್ಲಿನ ಪ್ರಧಾನಾಲಯದಲ್ಲಿ ಗುರುದೀಕ್ಷೆ ಪಡೆದಿದ್ದರು. ಮೊಲೊಕಾಯಿಯ ರೋಗಿಗಳಿಗೆ ಗುರುಗಳಿಲ್ಲವೆಂದು ಧರ್ಮಾಧ್ಯಕ್ಷರಾದ ಮೈಗ್ರೆಯವರು ಹೇಳಿದಾಗ ನಾಲ್ವರು ಗುರುಗಳು ಮುಂದೆ ಬಂದರು. ಸರದಿಯ ಮೇಲೆ ಹೋಗಿಬರುವುದೆಂದು ತೀರ್ಮಾನವಾಯಿತು. ಮೊದಲ ಸರದಿ ಡೇಮಿಯನ್ನರದು. ಅವರು ಹೋದರು, ಅಲ್ಲಿಯೇ ಉಳಿದರು. ಎರಡನೆಯ ಸರದಿ ಬರಲೇ ಇಲ್ಲ.

ಆರಂಭದ ರಾತ್ರಿಗಳನ್ನು ಅವರು ಕಲಾವಾವೋದ ಇಗರ್ಜಿಯ ಬಳಿ ಕೇದಗೆಯ ಜಾತಿಯ ಮರವೊಂದರ ಕೆಳಗೆ ಕಳೆದರು. ಮುಂದಿನ 16 ವರ್ಷಗಳಲ್ಲಿ ಅವರು ಮನೆಗಳನ್ನು ಕಟ್ಟಿದರು, ಕೊಳವೆ ಹಾಕಿ ನೀರು ತಂದರು, ಹುಣ್ಣುಗಳನ್ನು ತೊಳೆದು ಕಟ್ಟಿದರು, ಶವಪೆಟ್ಟಿಗೆ ಮಾಡಿದರು, ಗುಂಡಿ ತೋಡಿದರು, ಮಕ್ಕಳಿಗೆ ಹಾಡು ಕಲಿಸಿದರು. ಬಂಡೆಯ ದಾರಿ ಹತ್ತಿ ದ್ವೀಪದ ಮೇಲ್ಭಾಗದ ವಿಶ್ವಾಸಿಗಳನ್ನೂ ಕಂಡು ಬರುತ್ತಿದ್ದರು. 1874ರಲ್ಲಿ ಕಲುವಾಹಾದಲ್ಲಿಯೂ 1876ರಲ್ಲಿ ಕಮಲೋದಲ್ಲಿಯೂ ಅವರು ಕಟ್ಟಿದ ಇಗರ್ಜಿಗಳು ಅದಕ್ಕೆ ಸಾಕ್ಷಿ. 1884ರ ಕೊನೆಯ ವೇಳೆಗೆ ಬಿಸಿನೀರು ಸೋಕಿದರೂ ಕಾಲಿಗೆ ತಿಳಿಯದಿದ್ದಾಗ ತಮಗೂ ರೋಗ ತಗುಲಿರುವುದು ಅವರಿಗೆ ಅರಿವಾಯಿತು. 1889ರ ಏಪ್ರಿಲ್ 15ರಂದು, 49ನೆಯ ವಯಸ್ಸಿನಲ್ಲಿ, ಅವರು ಪ್ರಭುವಿನಲ್ಲಿ ನಿದ್ರಿಸಿದರು.

ಅವರ ಕೆಲಸ ಅನಾಥವಾಗಲಿಲ್ಲ. ಅಮೆರಿಕದ ಸಿರಕ್ಯೂಸ್‌ನ ಫ್ರಾನ್ಸಿಸ್ಕನ್ ಕನ್ಯಾಸ್ತ್ರೀ ಮದರ್ ಮರಿಯಾನ್ನೆ ಕೋಪ್ 1883ರ ನವೆಂಬರ್‌ನಲ್ಲಿ ಆರು ಮಂದಿ ಸಹೋದರಿಯರೊಡನೆ ಹೊನೊಲುಲುವಿಗೆ ಬಂದಿದ್ದರು. 1888ರಲ್ಲಿ ಕಲೌಪಾಪಾಕ್ಕೆ ಹೋಗಿ, 1918ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಸೇವೆ ಸಲ್ಲಿಸಿದರು. ಸೈನಿಕರಾಗಿದ್ದ ಜೋಸೆಫ್ ಡಟನ್ 1886ರಲ್ಲಿ ಬಂದು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ದುಡಿದರು. ಜಗದ್ಗುರು 16ನೆಯ ಬೆನೆಡಿಕ್ಟರು ಡೇಮಿಯನ್ನರನ್ನು 2009ರ ಅಕ್ಟೋಬರ್ 11ರಂದು, ಮರಿಯಾನ್ನೆಯವರನ್ನು 2012ರ ಅಕ್ಟೋಬರ್ 21ರಂದು ಸಂತಪದವಿಗೇರಿಸಿದರು.

ಕೂಗಳತೆಯ ಪಾಪನಿವೇದನೆ

ಡೇಮಿಯನ್ನರ ಜೀವನಚರಿತ್ರೆಗಳಲ್ಲಿ ಬರುವ ಒಂದು ಘಟನೆಯನ್ನು ಗುರುವಾದ ನಾನು ಓದಿದಾಗಲೆಲ್ಲ ಅಲ್ಲಿಯೇ ನಿಲ್ಲುತ್ತೇನೆ. ಅವರು ಹೋದ ಹೊಸತರಲ್ಲಿ ಸರ್ಕಾರದ ಆರೋಗ್ಯ ಮಂಡಳಿಯು ಅವರ ಹೋಗಿಬರುವಿಕೆಯನ್ನು ನಿರ್ಬಂಧಿಸಿತು. ಕೆಲವು ತಿಂಗಳುಗಳ ನಂತರ ಅದು ಸಡಿಲವಾಯಿತಾದರೂ ಆ ಅವಧಿಯಲ್ಲಿ ಅವರು ಇನ್ನೊಬ್ಬ ಗುರುವನ್ನು ಕಾಣಲಾಗದೆ, ಪಾಪನಿವೇದನೆಯ ಸಂಸ್ಕಾರವಿಲ್ಲದೆ ಕಳೆದರು. ಒಮ್ಮೆ ಅವರ ಸಭೆಯ ಮುಖ್ಯಸ್ಥರು ಹಡಗಿನಲ್ಲಿ ಬಂದರು. ಅವರನ್ನು ತೀರಕ್ಕಿಳಿಸಲು ಹಡಗಿನ ನಾಯಕನು ಒಪ್ಪಲಿಲ್ಲ. ಡೇಮಿಯನ್ನರನ್ನು ಹಡಗಿಗೆ ಹತ್ತಿಸಿಕೊಳ್ಳಲೂ ಒಪ್ಪಲಿಲ್ಲ. ಆಗ ಡೇಮಿಯನ್ನರು ಸಣ್ಣ ದೋಣಿಯಲ್ಲಿ ಹಡಗಿನ ಬಳಿ ಸಾರಿ, ಎಲ್ಲರ ಎದುರಿಗೆ, ತಮ್ಮ ಪಾಪಗಳನ್ನು ಗಟ್ಟಿಯಾಗಿ ನಿವೇದಿಸಿದರು. ಮೇಲಿನಿಂದ ಮುಖ್ಯಸ್ಥರು ಪಾಪಕ್ಷಮೆಯ ಮಾತುಗಳನ್ನು ಉಚ್ಚರಿಸಿದರು.

ಪಾಪನಿವೇದನೆಯೆಂಬುದು ಕಿವಿಯಲ್ಲಿ ಪಿಸುಗುಡುವ ಮಾತು. ಸಂಸ್ಕಾರಗಳಲ್ಲೇ ಅತ್ಯಂತ ಸನಿಹದ ಸಂಸ್ಕಾರ ಅದು. ಕಾನೂನು ಅದನ್ನು ಕೂಗಳತೆಗೆ ದೂಡಿತು. ಆದರೆ ಕೃಪೆಯು ಆ ಕೂಗಳತೆಯನ್ನು ದಾಟಿತು. ನಮ್ಮ ಇಗರ್ಜಿಗಳಲ್ಲಿ ಪಾಪನಿವೇದನೆಯ ಪೀಠವು ಮನೆಯಿಂದ ಕಾಲ್ನಡಿಗೆಯ ದೂರದಲ್ಲಿದೆ, ಗುರುಗಳು ಶನಿವಾರ ಸಂಜೆ ಕಾದು ಕುಳಿತಿರುತ್ತಾರೆ. ಆದರೂ ನಮಗೆ ಅದು ದೂರವೆನಿಸುತ್ತದೆ.

ಸನಿಹವೆಂದರೇನು?

ಡೇಮಿಯನ್ನರು ತೀರಿಕೊಂಡ ಕೆಲವೇ ವಾರಗಳಲ್ಲಿ, 1889ರ ಮೇ ತಿಂಗಳಲ್ಲಿ, ಸ್ಕಾಟ್ಲೆಂಡಿನ ಪ್ರಸಿದ್ಧ ಲೇಖಕ ರಾಬರ್ಟ್ ಲೂಯಿ ಸ್ಟೀವನ್ಸನ್ ಕಲೌಪಾಪಾಕ್ಕೆ ಬಂದನು. ಅವನು ಕಥೋಲಿಕನಲ್ಲ, ದೇಹವೂ ರೋಗಜರ್ಜರಿತವಾಗಿತ್ತು. ಸುಮಾರು ಒಂದು ವಾರ ಅಲ್ಲಿದ್ದು ಕನ್ಯಾಸ್ತ್ರೀಯರ ಆರೈಕೆಯಲ್ಲಿದ್ದ ಬಾಲಕಿಯರೊಡನೆ ಆಟವಾಡಿದನು. ಹೋದ ಮೇಲೆ ಅವರಿಗಾಗಿ ಒಂದು ಪಿಯಾನೋ ಕಳುಹಿಸಿದನು. ಅದೇ ಕಾಲದಲ್ಲಿ ಹೊನೊಲುಲುವಿನಲ್ಲಿ ನೆಲೆಸಿದ್ದ ಹೈಡ್ ಎಂಬ ಪ್ರಾಟೆಸ್ಟೆಂಟ್ ಪಾದ್ರಿಗಳು ಡೇಮಿಯನ್ನರನ್ನು ಕೀಳಾಗಿ ಚಿತ್ರಿಸಿ ಬರೆದ ಕಾಗದ ಅಚ್ಚಾಯಿತು. 1890ರಲ್ಲಿ ಸ್ಟೀವನ್ಸನ್ ಅದಕ್ಕೆ ಬಹಿರಂಗ ಪತ್ರದ ರೂಪದಲ್ಲಿ ಉತ್ತರವಿತ್ತನು. ನಗರದ ಸುಖವಾದ ಮನೆಯಲ್ಲಿ ಕುಳಿತವರಿಗೆ ಆ ಕಡಲಾಚೆ ಬೆವರು ಸುರಿಸಿ ಸತ್ತವನನ್ನು ತೂಗುವ ಹಕ್ಕೆಲ್ಲಿಯದು ಎಂಬುದೇ ಅದರ ವಾದದ ತಿರುಳು. ಡೇಮಿಯನ್ನರ ದೋಷಗಳನ್ನು ಅವನು ಮುಚ್ಚಿಡಲಿಲ್ಲ. ದೋಷಗಳಿದ್ದೂ ಅವರು ಅಲ್ಲಿದ್ದರು ಎಂಬುದನ್ನು ಎತ್ತಿ ಹೇಳಿದನು.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ನಾವು ‘ಸ್ಥಳ’ ಎಂಬುದನ್ನು ಅರಿಸ್ಟಾಟಲನ ಹತ್ತು ಪದಾರ್ಥಗಳಲ್ಲಿ ಒಂದಾಗಿ ಕಲಿಯುತ್ತೇವೆ. ಒಂದು ವಸ್ತು ಎಲ್ಲಿದೆ ಎಂದು ಹೇಳಲು ಅಷ್ಟು ಸಾಕು. ಆದರೆ ಒಬ್ಬ ವ್ಯಕ್ತಿ ನನ್ನ ಸನಿಹದಲ್ಲಿದ್ದಾನೆಯೇ ಎಂದು ಹೇಳಲು ಅದು ಸಾಲದು. 20ನೆಯ ಶತಮಾನದ ಫ್ರೆಂಚ್ ಕಥೋಲಿಕ ತತ್ವಜ್ಞಾನಿ ಗೇಬ್ರಿಯಲ್ ಮಾರ್ಸೆಲ್ ಈ ಭೇದವನ್ನು ಚೆನ್ನಾಗಿ ಗುರುತಿಸಿದ್ದಾನೆ. ಒಂದೇ ಕೋಣೆಯಲ್ಲಿ ಪಕ್ಕದಲ್ಲೇ ಕುಳಿತವನು ನಮ್ಮಿಂದ ಬಹುದೂರದಲ್ಲಿರಬಹುದು. ಸಾವಿರಾರು ಮೈಲಿ ಆಚೆಗಿರುವ ಪ್ರೀತಿಪಾತ್ರರು ಅವನಿಗಿಂತ ಹತ್ತಿರವಿರಬಹುದು ಎಂಬುದು ಅವನ ಅಭಿಪ್ರಾಯ. ತನ್ನನ್ನು ಇನ್ನೊಬ್ಬನಿಗೆ ಒಡ್ಡಿಕೊಳ್ಳುವ, ಅವನ ಕರೆಗೆ ಒದಗಿ ಬರುವ ಮನಸ್ಸು ಎಲ್ಲಿದೆಯೋ ಅಲ್ಲಿ ಮಾತ್ರ ನಿಜವಾದ ಸಾನ್ನಿಧ್ಯವಿದೆ. ಈ ಅರ್ಥದಲ್ಲಿ ಬೆಲ್ಜಿಯಂನಿಂದ ಹೊರಟವರು ಕಲೌಪಾಪಾಕ್ಕೆ ಸಮೀಪದವರಾದರು. ಹೊನೊಲುಲುವಿನ ಎಷ್ಟೋ ಮಂದಿ ಕೊನೆಯವರೆಗೂ ದೂರದವರಾಗಿಯೇ ಉಳಿದರು.

ದಾರಿ ತೆರೆದ ಮೇಲೆ

1946ರಲ್ಲಿ ಸಲ್ಫೋನ್ ಔಷಧಗಳು ಕಲೌಪಾಪಾಕ್ಕೆ ಬಂದವು. ರೋಗ ಹಿಮ್ಮೆಟ್ಟಿತು. ಆದರೆ ಪ್ರತ್ಯೇಕವಾಸದ ಕಾನೂನು ತೆಗೆದುಹಾಕಲು ಇನ್ನೂ 23 ವರ್ಷ ಬೇಕಾಯಿತು. ಅದು ಕೊನೆಗೊಂಡದ್ದು 1969ರಲ್ಲಿ. ಅದೇ 1969ರಲ್ಲಿ ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಹವಾಯಿ ರಾಜ್ಯದ ಪರವಾಗಿ ಡೇಮಿಯನ್ನರ ಪ್ರತಿಮೆಯನ್ನು ನಿಲ್ಲಿಸಲಾಯಿತು. ಸೇವಕನಿಗೆ ರಾಷ್ಟ್ರದ ರಾಜಧಾನಿಯಲ್ಲಿ ಗೌರವ ಸಂದ ವರ್ಷದವರೆಗೂ ಅವನು ಸೇವೆಗೈದ ಜನರಿಗೆ ಮನೆಗೆ ಹೋಗುವ ಹಕ್ಕು ದೊರೆತಿರಲಿಲ್ಲ. ಸಂತರ ಪ್ರತಿಮೆಗೆ ಹಾರ ಹಾಕುವುದಕ್ಕೂ ಸಂತರು ಪ್ರೀತಿಸಿದವರನ್ನು ಪ್ರೀತಿಸುವುದಕ್ಕೂ ಇರುವ ಅಂತರ ನಮಗೂ ಹೊಸತೇನಲ್ಲ.

ಬಾಗಿಲು ತೆರೆದ ಮೇಲೂ ಹಲವರು ಅಲ್ಲಿಂದ ಹೊರಡಲಿಲ್ಲ. ಬಾಲ್ಯದಲ್ಲೇ ಬಂದವರಿಗೆ ಬೇರೆ ಮನೆಯೇ ಇರಲಿಲ್ಲ. ಅಲ್ಲಿ ಅವರ ಮದುವೆಗಳಾಗಿದ್ದವು, ಗೆಳೆಯರ ಸಮಾಧಿಗಳಿದ್ದವು. ಅಟ್ಟಿದ ಜಾಗವನ್ನೇ ಅವರು ಊರಾಗಿ ಮಾಡಿಕೊಂಡಿದ್ದರು. ಬಯಸಿದವರು ಅಲ್ಲಿಯೇ ಬಾಳಲಿ ಎಂದು ಸರ್ಕಾರವೂ ಒಪ್ಪಿತು. 1980ರಲ್ಲಿ ಆ ನೆಲವನ್ನು ರಾಷ್ಟ್ರೀಯ ಐತಿಹಾಸಿಕ ಉದ್ಯಾನವೆಂದು ಘೋಷಿಸಲಾಯಿತು.

ನಮ್ಮ ನಾಡಿನ ದೂರಗಳು

ಇದು ಹವಾಯಿಯ ಕಥೆಯಷ್ಟೇ ಅಲ್ಲ. ಡೇಮಿಯನ್ನರು ತೀರಿಕೊಂಡ ಮರುವರ್ಷ, 1890ರಲ್ಲಿ, ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಜರ್ಮನ್ ಗುರು ಅಗಸ್ಟಸ್ ಮುಲ್ಲರ್ ಅವರು ಕುಷ್ಠರೋಗಿಗಳಿಗಾಗಿ ಆಸರೆಯ ಮನೆ ತೆರೆದರು. 1880ರಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡುವುದರಿಂದ ಆರಂಭವಾಗಿದ್ದ ಆ ಸೇವೆ ಇಂದು ದೊಡ್ಡ ಆಸ್ಪತ್ರೆಯಾಗಿ ಬೆಳೆದಿರುವುದನ್ನು ಎಲ್ಲರೂ ಬಲ್ಲರು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಮಹಾಧರ್ಮಕ್ಷೇತ್ರದ ಆಶ್ರಯದಲ್ಲಿ 1970ರ ದಶಕದ ಕೊನೆಯಲ್ಲಿ ಸುಮನಹಳ್ಳಿ ಹುಟ್ಟಿಕೊಂಡಿತು. ಸೇವಾಗ್ರಾಮದಲ್ಲಿ ಗಾಂಧೀಜಿಯವರು ಪರಚುರೆ ಶಾಸ್ತ್ರಿಗಳಿಗೆ ಆಶ್ರಮದ ಆವರಣದಲ್ಲೇ ಜಾಗ ಕೊಟ್ಟು, ಅವರ ಹುಣ್ಣುಗಳನ್ನು ತಮ್ಮ ಕೈಯಾರೆ ಶುಶ್ರೂಷೆ ಮಾಡಿದ್ದನ್ನೂ ನಾವು ಮರೆಯಬಾರದು.

ಕಾನೂನಿನ ದೂರ ನಮ್ಮಲ್ಲಿಯೂ ಇತ್ತು. ಬ್ರಿಟಿಷರ ಕಾಲದ 1898ರ ಕುಷ್ಠರೋಗಿಗಳ ಕಾಯ್ದೆ ರದ್ದಾದದ್ದು 2016ರಲ್ಲಿ. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಿಂದ ಕುಷ್ಠವೆಂಬ ಕಾರಣವನ್ನು ತೆಗೆದುಹಾಕಿದ್ದು 2019ರಲ್ಲಿ. ಜೊನಾತಾನಾ ನಪೇಲಾ ತನ್ನ ಹೆಂಡತಿಯ ಕೈಹಿಡಿದು ಹಡಗು ಹತ್ತಿದ ಮೇಲೆ ಸುಮಾರು ಒಂದೂವರೆ ಶತಮಾನ ಕಳೆದಿತ್ತು.

ವೈದ್ಯಶಾಸ್ತ್ರವು ತನ್ನ ಪಾಲಿನ ದೂರವನ್ನು ಕ್ರಮಿಸಿದೆ. ಕುಷ್ಠವು ಸುಲಭವಾಗಿ ಅಂಟುವ ರೋಗವಲ್ಲ. ಹೆಚ್ಚಿನ ಜನರ ದೇಹದಲ್ಲಿ ಅದನ್ನು ತಡೆಯುವ ಶಕ್ತಿ ಸಹಜವಾಗಿಯೇ ಇದೆ. ಆರು ತಿಂಗಳು ಅಥವಾ ಒಂದು ವರ್ಷದ ಬಹುಔಷಧ ಚಿಕಿತ್ಸೆಯಿಂದ ಅದು ಪೂರ್ಣ ಗುಣವಾಗುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಆ ಔಷಧ ಉಚಿತ. 2005ರ ಡಿಸೆಂಬರ್‌ನಲ್ಲಿ ನಮ್ಮ ದೇಶವು ರೋಗವನ್ನು ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕೆಳಗೆ ಇಳಿಸಿತು. ಆದರೂ ಜಗತ್ತಿನಲ್ಲಿ ವರ್ಷವರ್ಷ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತೀಯರು. ಚರ್ಮದ ಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕಂಡರೂ ಮಗಳ ಮದುವೆಗೆ ತೊಡಕಾದೀತೆಂದು ಬಚ್ಚಿಡುವ ಮನೆಗಳಿವೆ. ಮದ್ದು ಹತ್ತಿರದಲ್ಲಿದೆ, ನಾಚಿಕೆ ಅದನ್ನು ದೂರ ಮಾಡಿದೆ. ತಡವಾದಷ್ಟೂ ನರಗಳು ಕೆಡುತ್ತವೆ, ಅಂಗಗಳು ಊನವಾಗುತ್ತವೆ.

ಕುಷ್ಠವೊಂದೇ ಅಲ್ಲ. ಎಚ್‌ಐವಿ ಸೋಂಕಿತರನ್ನು, ಮನೋರೋಗಿಗಳನ್ನು, ಕುಡಿತದಿಂದ ಹಾಳಾದ ತಮ್ಮನನ್ನು, ನೆನಪು ಕಳೆದುಕೊಂಡ ಅಜ್ಜಿಯನ್ನು ನಾವು ಎಲ್ಲಿ ಇರಿಸಿದ್ದೇವೆ? 2020ರಲ್ಲಿ ಕೋವಿಡ್ ಬಂದಾಗ ಪ್ರತ್ಯೇಕವಾಸ ಎಂದರೇನೆಂದು ಪ್ರತಿ ಕುಟುಂಬವೂ ಅರಿಯಿತು. ಬಾಗಿಲಾಚೆ ಊಟದ ತಟ್ಟೆ ಇಟ್ಟು ಕಿಟಕಿಯಿಂದ ಮಾತನಾಡಿಸಿದವರಿದ್ದರು. ಸತ್ತವರ ದೇಹವನ್ನು ಪಡೆಯಲು ಬಾರದವರೂ ಇದ್ದರು. ಎರಡೂ ಕಡೆ ಇದ್ದದ್ದು ಅದೇ ಸೋಂಕು, ಅದೇ ಆರಡಿಯ ಅಂತರ. ಆದರೆ ದೂರ ಒಂದೇ ಆಗಿರಲಿಲ್ಲ.

ಊರ ಹೊರಗೆ

ಯಾಜಕಕಾಂಡದ 13ನೆಯ ಅಧ್ಯಾಯವು ಕುಷ್ಠರೋಗಿಯು ಪಾಳೆಯದ ಹೊರಗೆ ಒಂಟಿಯಾಗಿ ವಾಸಿಸಬೇಕೆಂದು ವಿಧಿಸುತ್ತದೆ. ಸಂತ ಲೂಕರ ಶುಭಸಂದೇಶದಲ್ಲಿ ಬರುವ ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲೇ ನಿಂತು ಕೂಗುತ್ತಾರೆ. ಅವರದೂ ಕೂಗಳತೆಯ ಪ್ರಾರ್ಥನೆಯೇ. ಆದರೆ ಸಂತ ಮಾರ್ಕರ ಮೊದಲನೆಯ ಅಧ್ಯಾಯದಲ್ಲಿ ಪ್ರಭು ಯೇಸು ಕೈಚಾಚಿ ಕುಷ್ಠರೋಗಿಯನ್ನು ಮುಟ್ಟುತ್ತಾರೆ. ಮಾತಿನಿಂದಲೇ ಗುಣಪಡಿಸಬಲ್ಲವರು ಮುಟ್ಟಿದ್ದೇಕೆ? ರೋಗ ಹೋಗಲು ಮಾತು ಸಾಕಾಗಿತ್ತು. ದೂರ ಹೋಗಲು ಕೈ ಬೇಕಾಗಿತ್ತು.

ಅನಂತರ ನಡೆದುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಗುಣ ಹೊಂದಿದವನು ಹೋಗಿ ಸುದ್ದಿಯನ್ನು ಎಲ್ಲೆಡೆ ಸಾರುತ್ತಾನೆ. ಅದರ ಫಲವಾಗಿ ಯೇಸುಸ್ವಾಮಿ ಬಹಿರಂಗವಾಗಿ ಯಾವ ಪಟ್ಟಣಕ್ಕೂ ಹೋಗಲಾಗದೆ ಊರ ಹೊರಗಿನ ನಿರ್ಜನ ಪ್ರದೇಶಗಳಲ್ಲಿ ಇರಬೇಕಾಗುತ್ತದೆ. ಹೊರಗಿದ್ದವನು ಊರೊಳಗೆ ಬಂದನು. ಅವನ ಜಾಗಕ್ಕೆ ಪ್ರಭುವೇ ಹೋದರು. ಕೊನೆಗೆ ಅವರು ಪ್ರಾಣಬಿಟ್ಟದ್ದೂ ನಗರದ ದ್ವಾರದ ಹೊರಗೆ. ಡೇಮಿಯನ್ನರು ಮಾಡಿದ್ದೂ ಇದನ್ನೇ: ದೂರವನ್ನು ಇಲ್ಲವಾಗಿಸಲು ಅದನ್ನು ತಮ್ಮ ಮೇಲೆ ಹೊತ್ತುಕೊಂಡರು.

ಪ್ರಿಯ ಓದುಗರೇ, ನಮ್ಮಲ್ಲಿ ಬಹುಜನರಿಗೆ ಮೊಲೊಕಾಯಿಗೆ ಹೋಗುವ ಕರೆಯಿಲ್ಲ. ಆದರೆ ಪ್ರತಿ ಧರ್ಮಕೇಂದ್ರದಲ್ಲಿಯೂ ಇಗರ್ಜಿಯಿಂದ ಎರಡು ಕಿಲೋಮೀಟರಿನೊಳಗೆ ಯಾರೂ ಕಾಲಿಡದ ಒಂದು ಮನೆಯಿದೆ. ಅಲ್ಲಿಗೆ ಅಕ್ಕಿಯ ಚೀಲ ಕಳುಹಿಸುವುದು ಒಳ್ಳೆಯದು. ನಾವೇ ಹೋಗಿ ಕುಳಿತು ಒಂದು ಲೋಟ ಕಾಫಿ ಕುಡಿದು ಬರುವುದು ಅದಕ್ಕಿಂತ ಒಳ್ಳೆಯದು. ಮೇ 10ರಂದು ಬಲಿಪೂಜೆಯ ನಂತರ ಕುಟುಂಬಕ್ಕೊಬ್ಬರಾದರೂ ಅಂಥ ಒಂದು ಮನೆಗೆ ಹೋಗಿ ಬರಲಿ. ಸಾಧ್ಯವಾದರೆ ಮಕ್ಕಳನ್ನೂ ಕರೆದೊಯ್ಯಲಿ. ಯಾವ ದೂರಕ್ಕೆ ಅಂಜಬೇಕು, ಯಾವುದಕ್ಕೆ ಅಂಜಬೇಕಿಲ್ಲ ಎಂಬುದನ್ನು ಅವರು ನಮ್ಮನ್ನು ನೋಡಿಯೇ ಕಲಿಯುತ್ತಾರೆ.